ಮೊದಲ ಸೇರು

ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ತಡವರಿಸದೆ ಓದಿದ ಮಗಳು, ಡಾಕ್ಟರಮ್ಮ ಎತ್ತಿ ಹಿಡಿದ ಮೂರು ಬೆರಳುಗಳನ್ನು ನೋಡಿ ಎರಡು ಅಂದಳು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ರಾಮಲಕ್ಷ್ಮಿ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿದಳು, ಸಡಿಲಿಸಿದಳು, ಮತ್ತೆ ಬಿಗಿ ಮಾಡಿದಳು. ಡಾಕ್ಟರಮ್ಮ ಈಗ ತನ್ನ ಕಡೆ ತಿರುಗುತ್ತಾಳೆ ಅಂದುಕೊಂಡಳು. ಆಕೆ ತಿರುಗಲಿಲ್ಲ. ಐದೂ ಬೆರಳು ಬಿಡಿಸಿ ಹಿಡಿದಳು. ಚಂದನಾ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ, ಒಂದೊಂದೇ ಬೆರಳಿನ ಮೇಲೆ ಕಣ್ಣಾಡಿಸಿ, ನಾಲ್ಕು ಅಂದಳು. ಉತ್ತರ ಗೊತ್ತಿರುವ ಮಕ್ಕಳ ದನಿ ಅದು, ಅಂಜಿಕೆ ಇಲ್ಲದ್ದು. ಡಾಕ್ಟರಮ್ಮ ಒಂದೇ ಬೆರಳು ಉಳಿಸಿಕೊಂಡು ಉಳಿದವನ್ನು ಮಡಚಿದಳು. ಈ ಸಲ ಹುಡುಗಿ ಏನೂ ಹೇಳಲಿಲ್ಲ. ಕಾಣಿಸುತ್ತಿಲ್ಲವೇನೋ ಎಂದು ಡಾಕ್ಟರಮ್ಮ ಬೆರಳನ್ನು ಹತ್ತಿರ ತಂದಳು, ಮೂಗಿನ ಮುಂದೆ ಆಡಿಸಿದಳು. ಚಂದನಾ ನಕ್ಕಳು, ಬೆರಳಿನ ಉಂಗುರದಲ್ಲಿದ್ದ ಕೆಂಪು ಹರಳನ್ನು ನೋಡಿ ಚಂದ ಐತಿ ಅಂದಳು, ಆದರೆ ಸಂಖ್ಯೆ ಹೇಳಲಿಲ್ಲ. ಹೊರಗೆ ಆದೋನಿಯ ಬಿಸಿಲಲ್ಲಿ ಹತ್ತಿ ತುಂಬಿದ ಲಾರಿಯೊಂದು ಹಾರನ್ ಹೊಡೆಯುತ್ತ ಹೋಯಿತು. ಕಿಟಕಿಯ ಗಾಜು ನಡುಗುವುದು ನಿಂತ ಮೇಲೆ ಡಾಕ್ಟರಮ್ಮ ಟಾರ್ಚು ಆರಿಸಿದಳು.

"ಕಣ್ಣು ಬಂಗಾರದಂಗ ಅದಾವಮ್ಮಾ. ಇದು ಕಣ್ಣಿನ ಪ್ರಾಬ್ಲಮ್ ಕಾದು, ಅಲ್ಲವೇ ಅಲ್ಲ. ಮನ್ಯಾಗ ಬ್ಯಾರೆ ಮಕ್ಕಳಿಗೆ ಹಿಂಗೇನರ ಐತೇನು?"

"ಇಲ್ರೀ. ಇಕಿ ಒಬ್ಬಾಕೇ."

ಹೇಳಿ ಮುಗಿಸುವಷ್ಟರಲ್ಲಿ ಮಗಳು ಕುರ್ಚಿಯಿಂದ ತಿರುಗಿ ತನ್ನನ್ನು ನೋಡಿದ್ದನ್ನು ರಾಮಲಕ್ಷ್ಮಿ ಗಮನಿಸಿದಳು. ನೋಡಿದ್ದಷ್ಟೇ ಅಲ್ಲ, ಸಣ್ಣಗೆ ತಲೆ ಆಡಿಸಿದಳು, ಪಕ್ಕದವಳ ಪಾಟಿ ಇಣುಕಿ ನೋಡಿ ತನ್ನ ಉತ್ತರದ ಹಾಗೇ ಇದೆ ಎಂದು ಸಮಾಧಾನವಾದವಳ ಹಾಗೆ. ಆ ತಲೆಯಾಡಿಸುವಿಕೆ ಯಾಕೆಂದು ತಿಳಿಯಲಿಲ್ಲ. ಕಣ್ಣು ಚೆನ್ನಾಗಿದೆ ಅಂದಾಗ ತನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ ಎಂಬುದು ಇನ್ನೂ ಹೆಚ್ಚು ಚುಚ್ಚಿತು. ತಮ್ಮೂರು ಪೆದ್ದಕಡುಬೂರಿನಿಂದ ಬರುವಾಗ ಆಟೋದಲ್ಲಿ ಕೂತು ದಾರಿಯುದ್ದಕ್ಕೂ ಆಕೆ ದೇವರಲ್ಲಿ ಬೇಡಿಕೊಂಡಿದ್ದು ಕನ್ನಡಕವನ್ನು. ಮಗಳಿಗೆ ಕಣ್ಣು ಮಂದವಾಗಿರಲಿ ಎಂದು ಯಾವ ತಾಯಿ ಬೇಡಿಕೊಳ್ಳುತ್ತಾಳೆ? ಆದರೆ ಕನ್ನಡಕವಾದರೆ ಹಾಕಿಕೊಂಡ ಮರುದಿನವೇ ಎಲ್ಲ ಸರಿಹೋಗುತ್ತಿತ್ತು. ಕೆಂಪು ಫ್ರೇಮಿನದು ಎಂದು ಆಕೆ ಮನಸ್ಸಿನಲ್ಲೇ ಆರಿಸಿಯೂ ಬಿಟ್ಟಿದ್ದಳು.

ಗುರುವಾರ ಉದಯಕುಮಾರ್ ಸಾರ್ ಶಾಲೆಗೆ ಕರೆಸಿದ್ದರು. ಒಳ್ಳೆಯ ಮನುಷ್ಯ, ಗೋನೆಗಂಡ್ಲದ ಕಡೆಯವರು, ಮಾತಾಡುವಾಗ ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ತೆಲುಗಿಗೆ ಗೊತ್ತಿಲ್ಲದಂತೆ ದಾಟಿಬಿಡುತ್ತಾರೆ. ಎರಡನೇ ಕ್ಲಾಸಿನ ಮಗಳ ನೋಟುಪುಸ್ತಕವನ್ನು ಮುಂದಿಟ್ಟು ಅವರು ಮೊದಲು ಹೇಳಿದ್ದು, ಕೂಡುವುದು ಕಳೆಯುವುದರಲ್ಲಿ ಈಕೆಗೆ ಕ್ಲಾಸಿನಲ್ಲಿ ಯಾರೂ ಸಮ ಇಲ್ಲ ಅಂತ. ಎಂಟು ಕೂಡಿಸು ಐದು ಅಂದರೆ ಕಣ್ಣು ಮುಚ್ಚಿ ಬಾಯಲ್ಲೇ ಹೇಳುತ್ತಾಳೆ. ಆಮೇಲೆ ಚಿತ್ರಗಳಿದ್ದ ಪುಟ ತಿರುವಿದರು. ಏಳು ಮಾವಿನಕಾಯಿ, ಪಕ್ಕದ ಡಬ್ಬಿಯಲ್ಲಿ ಆರು ಅಂತ ಬರೆದಿತ್ತು. ಒಂಬತ್ತು ಬಾತುಕೋಳಿ, ಎಂಟು. ನಾಲ್ಕು ಛತ್ರಿ, ಮೂರು. ಎಲ್ಲದಕ್ಕೂ ಕೆಂಪು ಸುತ್ತು. ಕೊನೆಯಲ್ಲಿ ಒಬ್ಬನೇ ಸೂರ್ಯ, ಅವನ ಪಕ್ಕದ ಡಬ್ಬಿ ಖಾಲಿ. ಬರೆಯಲು ಮರೆತಿದ್ದಾಳೆ ಎಂದು ರಾಮಲಕ್ಷ್ಮಿ ಮನಸ್ಸಿನಲ್ಲೇ ಬೈದುಕೊಂಡಳು. "ಲೆಕ್ಕ ಬರ್ತದ, ಎಣಿಸಾಕ ಬರಲ್ಲ. ಹದಿನಾಲ್ಕು ವರ್ಷದ ಸರ್ವೀಸಿನ್ಯಾಗ ಇಂಥದು ನೋಡಿಲ್ಲಮ್ಮಾ" ಅಂದರು ಸಾರ್. ಕಣ್ಣು ತೋರಿಸಿ ಬರಲು ಹೇಳಿದರು. ಕಣ್ಣಲ್ಲದಿದ್ದರೆ, ಅಂದು ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಸುಮ್ಮನೆ ನೇರ ಮಾಡಿದರು. ಬೇರೆ ಥರದ ಮಕ್ಕಳ ಪಟ್ಟಿ ಅದು. ಸೋಮವಾರ ಮೇಲಿನ ಆಫೀಸಿಗೆ ಕಳಿಸಬೇಕು. ಅದರಲ್ಲಿ ಹೆಸರು ಬಂದ ಮಕ್ಕಳು ವಾರಕ್ಕೆರಡು ದಿನ ಬೇರೆ ಕಡೆ ಹೋಗಬೇಕು, ಅಲ್ಲಿ ಅವರಿಗೆ ಬೇರೆ ಪಾಠ. "ತಪ್ಪೇನಿಲ್ಲ, ಅಲ್ಲಿ ಚೊಲೋ ನೋಡ್ಕೋತಾರ" ಎಂದು ಅವರು ಅಂದಾಗಲೇ ಅದರಲ್ಲಿ ಏನೋ ತಪ್ಪಿದೆ ಅನ್ನಿಸಿದ್ದು. ಹಾಳೆಯ ಮೇಲೆ ಆಗಲೇ ನಾಲ್ಕು ಹೆಸರುಗಳಿದ್ದವು. ಐದನೆಯದರ ಜಾಗದಲ್ಲಿ ಪೆನ್ಸಿಲಿನ ಒಂದು ಚುಕ್ಕೆ.

ಆ ಚುಕ್ಕೆ ಮೂರು ದಿನದಿಂದ ಆಕೆಯ ಕಣ್ಣಲ್ಲೇ ಇತ್ತು. ಊರಿನ ಬಾಯಿ ಆಕೆಗೆ ಗೊತ್ತು. ಒಂದು ಸಲ ಮಂಕು ಅಂತ ಅಂಟಿಕೊಂಡರೆ ಮದುವೆಯ ಮಾತಿನವರೆಗೂ ಬಿಡುವುದಿಲ್ಲ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಸಾರ್ ಕಳಿಸುವ ಮೆಸೇಜುಗಳು ಅರ್ಧ ಇಂಗ್ಲಿಷು, ಅರ್ಧ ತೆಲುಗು. ಆದೋನಿಯಲ್ಲಿ ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿ, ಗಣಿತದಲ್ಲಿ ಮೂವತ್ತಾರಕ್ಕೆ ಪಾಸಾದ ಆಕೆ ಅವನ್ನು ಎರಡೆರಡು ಸಲ ಓದಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಮನೆಯಲ್ಲಿರುವ ವಸ್ತುಗಳನ್ನು ಮಕ್ಕಳಿಂದ ಎಣಿಕೆ ಮಾಡಿಸಿರಿ ಎಂದು ಬಂದಿತ್ತು. ಮಾಡಿಸಿದಳು. ಉಳ್ಳಾಗಡ್ಡಿ, ಚಮಚ, ಬಳೆ, ಹಂಚಿನ ಮೇಲಿನ ಕಾಗೆ, ಅತ್ತೆಯ ಎಲೆಯಡಿಕೆ ಚೀಲದ ಅಡಿಕೆ. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ, ಮೂರು ಭಾಷೆ ಕಲಸಿ ತಲೆ ಕೆಟ್ಟಿರಬೇಕೆಂದು ಬರೀ ಇಂಗ್ಲಿಷಿನಲ್ಲಿ. ಯಾವ ಭಾಷೆಯಲ್ಲಾದರೂ ಒಂದು ಕಡಿಮೆ. ಒಂದೇ, ಎರಡಲ್ಲ, ಹೆಚ್ಚೂ ಅಲ್ಲ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುವ ಗಂಡ ಜಗದೀಶನಿಗೆ ಫೋನಿನಲ್ಲಿ ಹೇಳಿದರೆ ಅವನು ನಕ್ಕ. "ನನಗೂ ಲೆಕ್ಕ ಬರಂಗಿಲ್ಲ, ನಾನೇನು ಸತ್ತೆನಾ? ದೊಡ್ಡಾಕಿ ಆದಮ್ಯಾಲೆ ಬರ್ತದ ಬಿಡು." ಅವನಿಗೆ ಚುಕ್ಕೆ ಕಂಡಿರಲಿಲ್ಲ. ಈ ಬೆಳಿಗ್ಗೆ, ಆಟೋಗೆ ಹೊತ್ತಾಗಿದ್ದಾಗ, ತಟ್ಟೆಯಲ್ಲಿ ಆರು ಇಡ್ಲಿ ಇಟ್ಟು ಕೇಳಿದ್ದಳು. ಐದು ಅಂದಳು ಚಂದನಾ. ರಾಮಲಕ್ಷ್ಮಿಯ ಕೈ ತಾನಾಗಿಯೇ ಹೋಗಿ ಅವಳ ತೊಡೆ ಚಿವುಟಿತ್ತು. ಹುಡುಗಿ ಅಳಲಿಲ್ಲ. ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಸರಿ ಉತ್ತರಕ್ಕೆ ಯಾಕೆ ಚಿವುಟುತ್ತಾರೆ ಎಂದು ಕೇಳಲೂ ಬಾರದವಳ ನೋಟ ಅದು ಎಂದು ಈಗ, ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ, ಆಕೆಗೆ ಅನ್ನಿಸತೊಡಗಿತು. ಅನ್ನಿಸಿದ್ದೇ ಕಾಲು ನಿಧಾನವಾಯಿತು. ತಪ್ಪು ಮಾಡುವವರು ಹೀಗೆ ಒಂದೇ ಥರ ತಪ್ಪು ಮಾಡುತ್ತಾರೆಯೇ? ಕಣ್ಣು ಮುಚ್ಚಿ ಕಲ್ಲು ಎಸೆದರೆ ಒಮ್ಮೆ ಅತ್ತ, ಒಮ್ಮೆ ಇತ್ತ ಬೀಳಬೇಕು. ಈಕೆಯ ಕಲ್ಲು ಪ್ರತಿ ಸಲವೂ ಗುರಿಗಿಂತ ಒಂದು ಗೇಣು ಈಚೆಗೆ, ಅದೇ ಜಾಗದಲ್ಲಿ ಬೀಳುತ್ತಿದೆ. ಯಾವುದನ್ನೋ ನೋಡಿಯೇ ಎಸೆಯುತ್ತಿದ್ದಾಳೆ. ಏನನ್ನು?

ಶೇರ್ ಆಟೋದಲ್ಲಿ ತಮ್ಮ ಓಣಿಯ ಬಸವಕ್ಕ ಆಗಲೇ ಕೂತಿದ್ದಳು. ಮಡಿಲಲ್ಲಿ ಮೆಣಸಿನಕಾಯಿ ಗಂಟು, ಬಾಯಲ್ಲಿ ಎಲೆಯಡಿಕೆ. ತಾಯಿ ಮಗಳಿಗೆ ಜಾಗ ಮಾಡಿಕೊಡಲು ಅಷ್ಟು ಮಂದಿಯನ್ನೂ ಬೈದು ಸರಿಸಿದಳು.

"ಯಾಕ ರಾಮಲಕ್ಷ್ಮೀ, ಕಣ್ಣಿನ ದವಾಖಾನಿ ಕಡೆಯಿಂದ ಬಂದಂಗಿತ್ತು?"

"ಏನಿಲ್ಲಕ್ಕಾ, ಸುಮ್ನೆ ತೋರಿಸಿಕೊಂಡು ಬಂದ್ವಿ."

"ಸುಮ್ನೆ ಯಾರು ತೋರಸ್ತಾರ ತಗಿ! ಏ ಚಂದಿ, ಇಲ್ಲಿ ನೋಡು. ಸಾಲ್ಯಾಗ ಎಣಿಸಾಕ ಬರಂಗಿಲ್ಲಂತಲ್ಲ ನಿನಗ? ನಿನ್ನ ಕ್ಲಾಸಿನ್ಯಾಗ ಓದೋ ನಮ್ಮ ಹಾಲೇಶ ಹೇಳಿದ. ಈ ಆಟೋದಾಗ ಎಷ್ಟು ಮಂದಿ ಅದೀವಿ, ಎಣಿಸು ನೋಡೋಣ."

ರಾಮಲಕ್ಷ್ಮಿಗೆ ಬೇಡ ಅನ್ನಬೇಕೆನ್ನಿಸಿತು. ಬೇಡ ಅಂದರೆ ಒಪ್ಪಿಕೊಂಡಂತಾಗುತ್ತದೆ. ಬಿಸಿಲಿಗೆ ಕಾದ ಕಬ್ಬಿಣದ ಸರಳನ್ನು ಹಿಡಿದು ಸುಮ್ಮನೆ ಕೂತಳು. ಚಂದನಾಗೆ ಆಟ ಇಷ್ಟವಾಯಿತು. ಅವಳು ಮೊದಲು ತಾಯಿಯ ಮೊಣಕಾಲನ್ನು ಅಂಗೈಯಿಂದ ಮುಟ್ಟಿದಳು, ಆಮೇಲೆ ಬಸವಕ್ಕನ ಕಡೆ ಬೆರಳು ತೋರಿಸಿ ಎಣಿಸುತ್ತ ಹೋದಳು, ಹಿಂದೆ ನೇತಾಡುತ್ತಿದ್ದವರನ್ನೂ, ಡ್ರೈವರನ್ನೂ, ಒಬ್ಬಳ ಸೊಂಟದ ಮೇಲಿನ ಕೂಸನ್ನೂ ಬಿಡದೆ, ಕೊನೆಗೆ ತನ್ನ ಎದೆ ಮುಟ್ಟಿಕೊಂಡು ಹನ್ನೊಂದು ಅಂದಳು. ಹನ್ನೆರಡು ಮಂದಿ ಇದ್ದರು.

"ಹೋಗ್ಗೊ! ನನ್ನೇ ಬಿಟ್ಟಳಲ್ಲೋ ಇಕಿ! ಇಷ್ಟು ದಪ್ಪ ಅದೀನಿ, ಕಣ್ಣಿಗೆ ಬೀಳ್ಲಿಲ್ಲೇನು ನಿನಗ?" ಬಸವಕ್ಕ ಹೊಟ್ಟೆ ಕುಣಿಸಿ ನಕ್ಕಳು. ಆಟೋ ಪೂರ್ತಿ ನಕ್ಕಿತು. ಡ್ರೈವರು ಕನ್ನಡಿಯಲ್ಲಿ ನೋಡುತ್ತ, "ಪಾಪಾ, ನನ್ನನ್ನ ಬಿಟ್ಟಿರಬೇಕು, ನಾನು ಚಾರ್ಜ್ ಕೊಡಲ್ಲ ಅಲ್ಲಾ" ಅಂದ. ಚಂದನಾ ಕೂಡ ನಕ್ಕಳು, ಯಾಕೆಂದು ತಿಳಿಯದೆ, ಎಲ್ಲರೂ ನಗುವಾಗ ನಗಬೇಕೆಂದು.

ಬೇರೆ ಯಾವಾಗಲಾದರೂ ಆಗಿದ್ದರೆ ರಾಮಲಕ್ಷ್ಮಿಯ ಕಿವಿ ಬಿಸಿಯಾಗುತ್ತಿತ್ತು. ಈಗಲೂ ಆಯಿತು, ಆದರೆ ಅವಮಾನದ ಅಡಿಯಲ್ಲಿ ಇನ್ನೊಂದೇನೋ ಕಣ್ಣು ಬಿಟ್ಟಿತ್ತು. ಬಸವಕ್ಕನನ್ನು ಬಿಟ್ಟಿಲ್ಲ. ಬಸವಕ್ಕನಿಗೇ ಒಂದು ಅಂದದ್ದು. ಡ್ರೈವರನ್ನೂ ಬಿಟ್ಟಿಲ್ಲ. ಹಾಗಾದರೆ ಮೊದಲು ಮುಟ್ಟಿದ್ದು? ಮೊಣಕಾಲಿನ ಮೇಲೆ ಆ ಸಣ್ಣ ಅಂಗೈ ಇನ್ನೂ ಇದ್ದಂತೆ ಬೆಚ್ಚಗಿತ್ತು. ಬೇರೆಯವರಿಗೆ ಬೆರಳು ತೋರಿಸಿದವಳು ತನ್ನನ್ನು ಅಂಗೈಯಿಂದ ಮುಟ್ಟಿದ್ದಳು, ಮುಟ್ಟಿ ಬಾಯಿ ಮುಚ್ಚಿಕೊಂಡಿದ್ದಳು, ಗಲ್ಲವನ್ನು ಒಂದು ಚೂರು ಕೆಳಗಿಳಿಸಿದ್ದಳು. ಎಣಿಕೆಯಲ್ಲಿ ಇಲ್ಲದವಳು ತಾನೇ. ಮಗಳ ಕಿವಿಯ ಹತ್ತಿರ ಬಾಗಿ ಕೇಳಿದಳು, "ಯಾರನ್ನ ಬಿಟ್ಟಿ?"

"ಯಾರನ್ನೂ ಬಿಟ್ಟಿಲ್ಲ."

"ನನ್ನನ್ನ ಬಿಟ್ಟಿಯಲ್ಲ?"

"ಇಲ್ಲವ್ವಾ, ಮುಟ್ಟಿದೆನಲ್ಲ" ಅಂದಳು ಚಂದನಾ, ತಾಯಿಗೆ ಇಷ್ಟು ಸಹ ತಿಳಿಯದೇ ಎಂಬ ಬೇಸರದಲ್ಲಿ. ಆಟೋ ಗುಂಡಿಗೆ ಇಳಿದು ಎದ್ದಿತು. ರಸ್ತೆಯ ಎರಡೂ ಕಡೆ ಕರಿನೆಲದಲ್ಲಿ ಹತ್ತಿ ಬಿರಿದು ನಿಂತಿತ್ತು. ಸಾಲು ಸಾಲು ಹತ್ತಿ ಗಿಡ, ನಡುನಡುವೆ ಒಂದು ಸಾಲು ತೊಗರಿ. ಎಷ್ಟು ಸಾಲಿಗೊಂದು ತೊಗರಿ ಎಂದು ಆಕೆ ಯಾವತ್ತೂ ನೋಡಿರಲಿಲ್ಲ, ಈಗ ಊರು ಬರುವ ತನಕ ಅದನ್ನೇ ಎಣಿಸಿದಳು, ಪ್ರತಿ ಸಲವೂ ಆಟೋದ ವೇಗಕ್ಕೆ ತಪ್ಪಿ ಮೊದಲಿನಿಂದ ಶುರು ಮಾಡುತ್ತ. ಮೊದಲಿನಿಂದ ಶುರು ಮಾಡುವಾಗ ಮೊದಲು ಯಾವುದು ಎಂಬುದೇ ಪ್ರತಿ ಸಲ ಬೇರೆಯಾಗುತ್ತಿತ್ತು.

ಮನೆಗೆ ಬಂದು ಮುಖ ತೊಳೆದವಳು ಅಡುಗೆಗೆ ಹೋಗಲಿಲ್ಲ. ಪಡಸಾಲೆಯಲ್ಲಿ ಅತ್ತೆ ಗಾದಿಲಿಂಗಮ್ಮ ಗಿರಣಿಗೆ ಕಳಿಸಲು ಜೋಳದ ರಾಶಿ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಒಂದು ಮೂಲೆಯಲ್ಲಿ ಮಗಳನ್ನು ಎದುರಿಗೆ ಕೂರಿಸಿಕೊಂಡು ರಾಮಲಕ್ಷ್ಮಿ ನೆಲದ ಮೇಲೆ ಶೇಂಗಾ ಕಾಯಿ ಇಟ್ಟಳು. ಬೈಯುವುದಿಲ್ಲ, ಚಿವುಟುವುದಿಲ್ಲ, ನೋಡುತ್ತೇನೆ ಅಷ್ಟೇ ಎಂದು ತನಗೇ ಹೇಳಿಕೊಂಡಳು. ಇಷ್ಟು ದಿನ ಆಕೆ ನೋಡಿದ್ದು ಮಗಳ ಉತ್ತರವನ್ನು. ಎಣಿಸುವ ಮುಖವನ್ನು ನೋಡಿಯೇ ಇರಲಿಲ್ಲ. ಚಂದನಾ ಮೊದಲನೇ ಕಾಯಿಯ ಮೇಲೆ ಅಂಗೈ ಇಟ್ಟಳು. ತುಟಿ ಕೂಡಿದವು, ಗಲ್ಲ ಇಳಿಯಿತು. ಅಲ್ಲಿ ಒಂದು ಕ್ಷಣ ಇಡೀ ಹುಡುಗಿ ನಿಂತುಬಿಟ್ಟಳು. ಆಮೇಲೆ ಬೆರಳು ಎರಡನೇ ಕಾಯಿಗೆ ಜಾರಿ, ಒಂದು, ಎರಡು, ಮೂರು ಎಂದು ಸಲೀಸಾಗಿ ಹರಿಯಿತು. ಆ ನಿಲ್ಲುವಿಕೆಯನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿತು ರಾಮಲಕ್ಷ್ಮಿಗೆ. ಬಹಳ ಹತ್ತಿರದಲ್ಲಿ, ದಿನಾ ಕಾಣುವಂಥ ಕಡೆ.

"ಆ ಮೊದಲನೇ ಕಾಯಿ ಯಾಕ ಬಿಟ್ಟಿ?"

"ಬಿಟ್ಟಿಲ್ಲ. ಎಣಿಸಿಲ್ಲ ಅಷ್ಟೇ."

"ಯಾಕ ಎಣಿಸಿಲ್ಲ?"

"ನೀನೇ ಹೇಳಿದ್ಯಲ್ಲ, ಎಣಿಸಬಾರದು ಅಂತ."

"ನಾನಾ? ಯಾವಾಗ?"

ಚಂದನಾ ಅಜ್ಜಿಯ ಕಡೆ ತಿರುಗಿ ನೋಡಿದಳು. ಗಾದಿಲಿಂಗಮ್ಮ ಹಸನಾದ ಜೋಳವನ್ನು ಅಳೆಯಲು ಹಿತ್ತಾಳೆಯ ಸೇರನ್ನು ತುಂಬಿಕೊಂಡಿದ್ದಳು. ಅಂಗೈಯಿಂದ ಅದರ ಬಾಯಿ ಸವರಿ, ಗಲ್ಲವನ್ನು ಚೂರು ಇಳಿಸಿ, ಸೇರನ್ನು ಹಣೆಗೆ ಮುಟ್ಟಿಸಿ, "ಲಾಭಾ..." ಎಂದು ಎಳೆದು ಚೀಲಕ್ಕೆ ಸುರಿದಳು. ಎರಡನೆಯದನ್ನು ತುಂಬಿ, "ಎರಡು" ಅಂದಳು. ಮೂರು. ನಾಲ್ಕು. ಹುಟ್ಟಿದಾಗಿನಿಂದ ಕೇಳಿದ ದನಿ. ತವರಲ್ಲಿ ಅವ್ವನೂ ಹೀಗೇ, ಕಣದಲ್ಲಿ ಅಳೆಯುವ ಯಂಕಣ್ಣನೂ ಹೀಗೇ. ಮೊದಲ ಅಳತೆಗೆ ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಕೇಳಿ ಕೇಳಿ ಅದು ಕೇಳಿಸದೇ ಹೋಗಿತ್ತು. ಎರಡು ವರ್ಷದ ಹಿಂದೆ, ಇದೇ ಪಡಸಾಲೆ, ಇದೇ ಜೋಳ. ಆಗ ಐದು ವರ್ಷದ ಚಂದನಾ ಸೆರಗು ಹಿಡಿದು ಎಳೆಯುತ್ತ, ಅವ್ವಾ ಒಂದು ಎಲ್ಲಿ ಹೋತು, ಒಂದು ಎಲ್ಲಿ ಹೋತು ಎಂದು ಹತ್ತು ಸಲ ಕೇಳಿದ್ದಳು. ಕಲ್ಲು ಆರಿಸುತ್ತಿದ್ದ ತಾನು, ಕತ್ತು ನೋಯುತ್ತಿತ್ತು, ತಲೆ ಎತ್ತದೆ ಹೇಳಿದ್ದಳು. ಮೊದಲನೇದು ಎಣಿಸಬಾರದು, ಅದು ದೇವರದು, ಸುಮ್ನಿರು. ಸುಮ್ನಿರು ಎಂಬುದೇ ಆ ಮಾತಿನ ಅರ್ಥವಾಗಿತ್ತು. ಹುಡುಗಿ ಉಳಿದದ್ದನ್ನು ಇಟ್ಟುಕೊಂಡಿದ್ದಳು.

"ಹಂಗಾರ ಅಜ್ಜಿ ಲಾಭ ಆದಮ್ಯಾಲೆ ಎರಡು ಅಂತಾಳಲ್ಲ? ನೀ ಯಾಕ ಒಂದು ಅಂತಿ?" ರಾಮಲಕ್ಷ್ಮಿಯ ದನಿ ತನಗೇ ಹೊಸದಾಗಿ ಕೇಳಿಸಿತು. ಅದರಲ್ಲಿ ಕೋಪವಿರಲಿಲ್ಲ.

ಚಂದನಾ ಅಜ್ಜಿಗೆ ಕೇಳಿಸದಂತೆ ತಾಯಿಯ ಕಿವಿಗೆ ಬಾಯಿ ಹಚ್ಚಿದಳು. "ಅಜ್ಜಿ ಸಾಲಿಗೆ ಹೋಗಿಲ್ಲಲ್ಲವ್ವಾ. ಆಕಿಗೆ ಒಂದು ಮರೆತು ಹೋಗ್ತದ. ಸಾರ್ ಹೇಳ್ಯಾರ, ಒಂದರಿಂದ್ಲೇ ಶುರು ಮಾಡ್ಬೇಕು ಅಂತ."

ನಗು ಬಂತು, ಅರ್ಧಕ್ಕೆ ನಿಂತಿತು. ಎಷ್ಟು ಜತನದಿಂದ ಈ ಏಳು ವರ್ಷದ ತಲೆ ತಾಯಿಯ ಮಾತನ್ನೂ ಸಾರ್ ಮಾತನ್ನೂ ಎರಡನ್ನೂ ಉಳಿಸಿಕೊಂಡು ಒಂದು ದಾರಿ ಮಾಡಿಕೊಂಡಿದೆ, ಅಜ್ಜಿಯ ತಪ್ಪನ್ನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡು. ತಾನು ಮೂರು ದಿನದಿಂದ ಹುಡುಕಿದ ದೋಷ ಕಣ್ಣಲ್ಲಿರಲಿಲ್ಲ, ಭಾಷೆಯಲ್ಲಿರಲಿಲ್ಲ. ತೊಡೆಯ ಮೇಲೆ ಚಿವುಟಿದ ಗುರುತು ಫ್ರಾಕಿನ ಅಂಚಿನ ಕೆಳಗೆ ನೀಲಿಯಾಗಿ ಕಾಣುತ್ತಿತ್ತು. ಅದನ್ನು ಸವರಬೇಕೆಂದು ಕೈ ಹೋಯಿತು. ಚಂದನಾ ಕಾಲನ್ನು ಸರ್ರನೆ ಒಳಗೆಳೆದುಕೊಂಡಳು. ಅಷ್ಟೇ. ಅದಕ್ಕಿಂತ ದೊಡ್ಡದೇನೂ ಆಗಲಿಲ್ಲ. ಆದರೆ ರಾಮಲಕ್ಷ್ಮಿಯ ಕೈ ಗಾಳಿಯಲ್ಲಿ ಎಲ್ಲಿ ಇಳಿಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಶೇಂಗಾ ಕಾಯಿಗಳನ್ನು ಸುಮ್ಮನೆ ಸಾಲು ಮಾಡಿತು. ಇನ್ನು ಇದನ್ನು ಸರಿಮಾಡುವುದು ಹೇಗೆ? ನಾನು ಅಂದದ್ದು ಸುಳ್ಳು ಅಂದರೆ ಒಂದು ಮಾತಿನಲ್ಲಿ ಮುಗಿಯುತ್ತದೆ. ಸೋಮವಾರ ಪೆನ್ಸಿಲಿನ ಚುಕ್ಕೆ ಅಳಿಸಿಹೋಗುತ್ತದೆ. ಆಮೇಲೆ ತಾನು ಹೇಳುವ ಯಾವ ಮಾತನ್ನು ಈಕೆ ಹೀಗೆ ಎರಡು ವರ್ಷ ಕಾಪಾಡಿಕೊಂಡು ಬರುತ್ತಾಳೆ?

"ಅತ್ತೀ" ಅಂದಳು, "ಲಾಭ ಅಂದಮ್ಯಾಲೆ ಎರಡು ಯಾಕ ಅಂತೀರಿ?"

ಗಾದಿಲಿಂಗಮ್ಮ ಸೇರು ಹಿಡಿದ ಕೈ ನಿಲ್ಲಿಸಿದಳು. "ಮತ್ತೇನನ್ಲಿ?"

"ಮೊದಲನೇದು ದೇವರದಲ್ಲೇನು? ಎಣಿಸಬಾರದಲ್ಲ?"

"ಹುಚ್ಚಿ! ದೇವರಿಗೆ ಅಂದ್ರ ಅದೇನು ಚೀಲದಿಂದ ಹಾರಿ ಹೋಗ್ತದೇನು? ಬಾಯಿಲೆ ಅನ್ನಬಾರದು. ಕೈಲೆ ಹಾಕಿದ್ದು ಒಳಗ ಬಿದ್ದೇ ಬಿದ್ದದಲ್ಲ! ಅದು ಅದ ಅಂತ ತಿಳಿದೇ ಎರಡು ಅನ್ನೋದು." ಆಮೇಲೆ ಕಣ್ಣು ಸಣ್ಣ ಮಾಡಿ ಸೊಸೆಯನ್ನು ನೋಡಿದಳು. "ಹತ್ತನೇತ್ತ ಓದಿದಾಕಿ, ಇಷ್ಟೂ ತಿಳೀವಲ್ದು? ಇನ್ನ ನನ್ನ ಮಮ್ಮಗಳನ್ನ ಮಂಕು ಅಂತಾರ ಇವರು!"

ಚಂದನಾ ಎದ್ದು ಚೀಲದ ಹತ್ತಿರ ಹೋದಳು. ಬಾಯಿ ಅಗಲಿಸಿ ಒಳಗೆ ಇಣುಕಿದಳು, ಮೊಣಕೈ ತನಕ ಕೈ ಇಳಿಸಿ ಅಡಿಯ ಜೋಳವನ್ನು ಹಿಡಿದು ನೋಡಿದಳು. ಮೊದಲ ಸೇರು ಅಲ್ಲೇ ಇದೆಯೇ ಎಂದು ಹುಡುಕುವವಳ ಹಾಗೆ. ಬಹಳ ಹೊತ್ತು ಹಾಗೇ ನಿಂತಿದ್ದಳು. ಆ ಬೆನ್ನನ್ನು ನೋಡುತ್ತ ರಾಮಲಕ್ಷ್ಮಿಗೆ, ಒಂದು ವಿಷಯ ತಲೆಯೊಳಗೆ ಇಳಿಯುವುದು ಹೊರಗೆ ನಿಂತವರಿಗೂ ಕಾಣುತ್ತದೆ ಎಂದು ಮೊದಲ ಸಲ ತಿಳಿಯಿತು. ಭುಜದ ಹತ್ತಿರ ಏನೋ ಸಡಿಲವಾಗುತ್ತದೆ. ಬಂದು ಕೂತವಳು ಶೇಂಗಾ ಕಾಯಿಗಳನ್ನು ಮತ್ತೆ ಎಳೆದುಕೊಂಡಳು. ಮೊದಲನೆಯದರ ಮೇಲೆ ಅಂಗೈ, ಮುಚ್ಚಿದ ತುಟಿ. ಆಮೇಲೆ, "ಎರಡು" ಅಂದಳು. ಅನುಮಾನದಿಂದ ತಾಯಿಯನ್ನು ನೋಡಿ, "ಮೂರು". ಏಳು ಕಾಯಿ ಏಳಾದವು. ಗಾದಿಲಿಂಗಮ್ಮ ಏನೂ ಆಗಿಲ್ಲವೆಂಬಂತೆ ಐದನೇ ಸೇರು ಸುರಿದಳು.

"ಒಂದೇ ಇದ್ರ?" ಕೇಳಿದಳು ಚಂದನಾ.

"ಒಂದೇ ಇದ್ದು ಯಾರರ ಕೇಳಿದ್ರ ಒಂದು ಅನ್ನು. ಕೇಳಿದವರಿಗೆ ಹೇಳಬಹುದು." ಇದು ಸರಿಯೋ ತಪ್ಪೋ ರಾಮಲಕ್ಷ್ಮಿಗೆ ಗೊತ್ತಿರಲಿಲ್ಲ. ಅತ್ತೆ ಅಲ್ಲಗಳೆಯಲಿಲ್ಲ.

ಚಂದನಾ ಕಾಯಿಯೊಂದನ್ನು ಒಡೆದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಯೋಚಿಸಿದಳು. "ಹಂಗಾರ ನಾನು ಎರಡನೇದಾ?"

ಸೇರು ಚೀಲದ ಬಾಯಿಯ ಮೇಲೆ ನಿಂತಿತು. ಆಮೇಲೆ ಜೋಳ ಬೀಳುವ ಸದ್ದು ಬಂತು, ಸಂಖ್ಯೆ ಬರಲಿಲ್ಲ. ಗಾದಿಲಿಂಗಮ್ಮ ಯಾವುದೋ ಮಧ್ಯಾಹ್ನ ಮೊಮ್ಮಗಳಿಗೆ ಹೇಳಿಬಿಟ್ಟಿದ್ದಳು, ನಿನಗಿಂತ ಮೊದಲೊಬ್ಬ ಅಣ್ಣ ಇದ್ದ ಅಂತ. ಹತ್ತು ದಿನ ಇದ್ದ. ಮರುದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕಿತ್ತು, ತವರಿನವರು ಬಂದು ಇಳಿದಿದ್ದರು. ಹೆಸರಾಗದೇ ಹೋಯಿತು. ಹೆಸರಿಲ್ಲದ್ದನ್ನ ಎಣಿಸಬ್ಯಾಡ ಎಂದು ಆಗ ಅತ್ತೆಯೇ ಅಂದಿದ್ದಳು, ಒಳ್ಳೆಯದಕ್ಕೇ. ಚಂದನಾ ಹುಟ್ಟಿದಾಗ ನರ್ಸು ಎಷ್ಟನೇ ಹೆರಿಗೆ ಎಂದು ಕೇಳಿದರೆ ತಾನು ಬಾಯಿ ತೆರೆಯುವ ಮೊದಲೇ, ಇದೇ ಮೊದಲನೇದು ಬರಕೋರಿ ಅಂದದ್ದೂ ಆಕೆಯೇ. ಅಂದಿನಿಂದ ರೇಷನ್ ಕಾರ್ಡಿನವನು ಕೇಳಿದರೂ, ಮದುವೆಗಳಲ್ಲಿ ಪಕ್ಕ ಕೂತವರು ಕೇಳಿದರೂ, ಒಬ್ಬಾಕೇ. ಹೇಳಿ ಹೇಳಿ ಅದೂ ಕೇಳಿಸದೇ ಹೋಗಿತ್ತು. ಈ ದಿನ ಕಣ್ಣಿನ ಡಾಕ್ಟರಮ್ಮನ ಮುಂದೆ ಮಗಳು ತಿರುಗಿ ತಲೆ ಆಡಿಸಿದ್ದು ಈಗ ಅರ್ಥವಾಯಿತು. ಅವ್ವನ ಎಣಿಕೆಯೂ ತನ್ನ ಹಾಗೇ ಇದೆ, ಮೊದಲನೆಯದನ್ನು ಬಿಟ್ಟು ಒಂದು, ಸರಿಯಾಗಿದೆ. ಈಗ ಆ ಎಣಿಕೆಯೇ ತಪ್ಪೆಂದಾದರೆ ಹುಡುಗಿಗೆ ಕೇಳದೇ ಇರಲಾಗದು. ಕೇಳಿದ್ದಳು. ರಾಮಲಕ್ಷ್ಮಿ ಶೇಂಗಾ ಸಿಪ್ಪೆಗಳನ್ನು ಒಟ್ಟು ಮಾಡಿ ಮೊರಕ್ಕೆ ಹಾಕಿ, ಒಲೆ ಹಚ್ಚುವ ಹೊತ್ತಾತು ಎಂದು ಎದ್ದಳು. ಎದ್ದದ್ದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಭಾನುವಾರ ಪೂರ್ತಿ ಹುಡುಗಿ ಮನೆಯಲ್ಲಿದ್ದದ್ದನ್ನೆಲ್ಲ ಎಣಿಸಿದಳು, ಎಲ್ಲವೂ ಸರಿ ಬಂತು, ಆದರೆ ಯಾವ ಉತ್ತರವನ್ನೂ ತಾಯಿಗೆ ತಂದು ತೋರಿಸಲಿಲ್ಲ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಉದಯಕುಮಾರ್ ಸಾರ್ ಅವರಿಬ್ಬರನ್ನೂ ಸ್ಟಾಫ್ ರೂಮಿಗೆ ಕರೆದರು. ಮೇಜಿನ ಮೇಲೆ ಅದೇ ಹಾಳೆ, ಅದೇ ಚುಕ್ಕೆ. ಕಣ್ಣಿಗೇನೂ ಆಗಿಲ್ಲ ಎಂದು ಕೇಳಿ ಅವರ ಮುಖ ಸ್ವಲ್ಪ ಇಳಿಯಿತು. ಅವರೂ ಕನ್ನಡಕವನ್ನೇ ಬೇಡಿಕೊಂಡಿದ್ದರೇನೋ. ಡಬ್ಬಿಯಿಂದ ಸೀಮೆಸುಣ್ಣದ ತುಂಡುಗಳನ್ನು ಸುರಿದು, "ಏಮ್ಮಾ ಚಂದನಾ, ಇವೆಷ್ಟು ಹೇಳು" ಅಂದರು. ಕಾರಣವನ್ನು ಹೇಳಿಬಿಡಲೇ ಎಂದು ರಾಮಲಕ್ಷ್ಮಿಗೆ ಬಾಯಿತನಕ ಬಂತು. ಹೇಳಿದರೆ ತನ್ನ ಮೇಲೆ ಬರುತ್ತದೆ, ಹೇಳದಿದ್ದರೆ ಅವಳ ಮೇಲೆ. ಅಷ್ಟರಲ್ಲಿ ಚಂದನಾ ಮೊದಲ ತುಂಡಿನ ಮೇಲೆ ಅಂಗೈ ಇಟ್ಟಿದ್ದಳು. ಸಾರ್ ಕಾದರು. ಏನೂ ಕೇಳಿಸಲಿಲ್ಲ. ಅವರ ಕೈ ಪೆನ್ನಿನ ಕಡೆ ಚಲಿಸಿತು.

"ಟೂ" ಅಂದಳು ಚಂದನಾ. "ತ್ರೀ. ಫೋರ್."

ಒಂಬತ್ತು ತುಂಡು, ಒಂಬತ್ತು ಎಂದು ಮುಗಿಸಿದಳು. ಸಾರ್ ತಾವೂ ಎಣಿಸಿ ನೋಡಿದರು. ಮತ್ತಷ್ಟು ಸುರಿದರು. ಹದಿನಾಲ್ಕು. ಒಂದೇ ತುಂಡು ಉಳಿಸಿ ಉಳಿದದ್ದನ್ನು ಮುಚ್ಚಿದರು. ಹುಡುಗಿ ತಾಯಿಯನ್ನು ನೋಡಿದಳು, ತಾಯಿ ತಲೆಯಾಡಿಸಿದಳು. "ಒಂದು" ಅಂದಳು ಬಹಳ ಮೆಲ್ಲಗೆ, ಮಲಗಿದವರನ್ನು ಎಬ್ಬಿಸುವ ಹಾಗೆ.

"ಕರೆಕ್ಟೇ. ಆದ್ರ ಮೊದಲನೇದು ಯಾಕ ಬಾಯಿಬಿಟ್ಟು ಹೇಳಲ್ಲ ನೀನು?"

"ನಾನೇ ಹೇಳಬ್ಯಾಡ ಅಂದಿದ್ದೆ ಸಾರ್. ಜ್ವಾಳ ಅಳಿಯೋ ಮುಂದ." ರಾಮಲಕ್ಷ್ಮಿ ಅಷ್ಟೇ ಹೇಳಿದಳು. ಹೆಚ್ಚು ವಿವರಿಸಬೇಕಾಗಲಿಲ್ಲ. ಸಾರ್ ಒಂದು ಕ್ಷಣ ಸೀಮೆಸುಣ್ಣವನ್ನೇ ನೋಡಿದರು. "ಲಾಭಂ" ಅಂದರು ತಮ್ಮಷ್ಟಕ್ಕೇ. "ಮಾ ನಾಯನಮ್ಮ, ನಮ್ಮ ಅಜ್ಜಿನೂ ಹಂಗೇ ಅಂತಿದ್ಲು. ದೇವುಡಾ, ಹದಿನಾಲ್ಕು ವರ್ಷ..." ನಕ್ಕರು, ರಬ್ಬರು ತೆಗೆದು ಚುಕ್ಕೆಯನ್ನು ಉಜ್ಜಿದರು. ಉಜ್ಜಿದ ಜಾಗ ಉಳಿದ ಹಾಳೆಗಿಂತ ಬೆಳ್ಳಗಾಯಿತು.

ಆಮೇಲೆ ಅವರು ಇನ್ನೊಂದು ಹಾಳೆ ಎಳೆದುಕೊಂಡರು. ಮಗುವನ್ನು ಪರೀಕ್ಷಿಸಿದ್ದಕ್ಕೆ ವರದಿ ಬರೆದಿಡಬೇಕಂತೆ. ಹೆಸರು, ಕ್ಲಾಸು, ತಂದೆ, ತಾಯಿ. ಹಳೆಯ ರಿಜಿಸ್ಟರು ನೋಡುತ್ತ ತಾವೇ ತುಂಬಿಸುತ್ತ ಹೋದರು. "ಎಷ್ಟನೇ ಮಗು, ಮೊದಲನೇದು ಅಲ್ಲಾ?" ಎಂದು ಕೇಳಿದ್ದೂ ಬರೆಯುತ್ತಲೇ.

ಮೇಜಿನ ಅಂಚಿನಲ್ಲಿ ಚಂದನಾ ಸೀಮೆಸುಣ್ಣದ ಪುಡಿಯನ್ನು ಬೆರಳಿಂದ ಒತ್ತುತ್ತಿದ್ದವಳು ನಿಲ್ಲಿಸಿದಳು. ತಲೆ ಎತ್ತಲಿಲ್ಲ.

"ಎರಡನೇದು ಸಾರ್" ಅಂದಳು ರಾಮಲಕ್ಷ್ಮಿ.

"ಎರಡನೇದಾ? ಇಲ್ಲಿ ಬ್ಯಾರೆ ಬರೆದಾರಲ್ಲ. ದೊಡ್ಡವರು ಯಾವ ಸ್ಕೂಲು?"

ಆಕೆ ಬಾಯಿ ತೆರೆದಳು. ಹೇಳಲು ಒಂದು ಹೆಸರೂ ಇರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿಕೊಂಡಳು, ಗಲ್ಲ ತಾನಾಗಿಯೇ ಚೂರು ಇಳಿಯಿತು. ಆಗ ಮೊಣಕೈಯ ಹತ್ತಿರ ಒಂದು ಅಂಗೈ ಬಂದು ಕೂತಿತು. ಸುಣ್ಣದ ಪುಡಿ ಮೆತ್ತಿದ, ಬೆಚ್ಚಗಿನ ಅಂಗೈ. ಕೂತದ್ದು ಹೋಗಲಿಲ್ಲ. ಸಾರ್ ಉತ್ತರಕ್ಕೆ ಕಾದವರು ತಾಯಿಯನ್ನು ನೋಡಿದರು, ಮಗಳನ್ನು ನೋಡಿದರು, ಪೆನ್ನಿನ ಮುಚ್ಚಳವನ್ನು ಸುಮ್ಮನೆ ತಿರುಗಿಸಿದರು. ಇನ್ನೊಂದು ಸಲ ಕೇಳಲಿಲ್ಲ. ಹೊರಗೆ ಒಂದನೇ ಕ್ಲಾಸಿನವರು ಗಂಟಲು ಹರಿದುಕೊಂಡು ಒನ್ ಟೂ ತ್ರೀ ಹೇಳುತ್ತಿದ್ದರು. ಸಾರ್ ಹಾಳೆಯ ಮೇಲೆ ಬಾಗಿ, ಬರೆದಿದ್ದನ್ನು ಹೊಡೆದು, ಪಕ್ಕದಲ್ಲಿ ಇನ್ನೇನೋ ಬರೆದರು. ಎಡಗೈ ಅಡ್ಡ ಬಂದು ಅದು ಕಾಣಿಸಲಿಲ್ಲ. ಏನು ಬರೆದಿರಬಹುದೆಂದು ನೋಡುವ ಆಸೆ ರಾಮಲಕ್ಷ್ಮಿಗೆ ಬಹಳವಾಯಿತು. ಚೂರು ಬಾಗಿದ್ದರೆ ಕಾಣುತ್ತಿತ್ತು. ಬಾಗಿದರೆ ಮೊಣಕೈ ಅಲುಗಿ ಆ ಅಂಗೈ ಜಾರುತ್ತಿತ್ತು.